ಡಿಶ್‌ವಾಷರ್‌ನಲ್ಲಿ ಪಾತ್ರೆ ಸ್ವಚ್ಛವಾಗ್ತಿಲ್ವಾ? ಮಿಷನ್ ಬೈಯೋ ಮೊದಲು ನೀರು ನೋಡಿ

ಬಾಗೂರು ಕಡೆ ಈಗ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಪಾತ್ರೆ ತೊಳೆಯುವ ಮಿಷನ್ ಕಾಣಿಸುತ್ತಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಬೆಂಗಳೂರಿನ ಅಡುಗೆಮನೆಗಳಿಗೆ ನುಗ್ಗಿದ ಡಿಶ್‌ವಾಷರ್, ನಾನು ನೋಡಿದ ಮಟ್ಟಿಗೆ ಊರಿಗೆ ಬಂದಿದ್ದು ಪಟ್ಟಣ ಸೇರಿದ ಮಕ್ಕಳ ಕೈಯಿಂದ. ಅಮ್ಮನಿಗೆ ಸೊಂಟ ನೋವು, ಕೈಯೆಲ್ಲ ಸೋಪಿಗೆ ಒಡೆದಿದೆ ಅಂತ ಮೂವತ್ತು ನಲವತ್ತು ಸಾವಿರ ಕೊಟ್ಟು ತಂದಿಡುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಅದರೊಳಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿರುತ್ತದೆ. ಅಮ್ಮ ಮತ್ತೆ ಸಿಂಕಿನ ಮುಂದೆ ನಿಂತಿರುತ್ತಾರೆ.

ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಮೂರು. ಮಿಷನ್ ಸರಿಯಿಲ್ಲ. ನಮ್ಮ ಮುದ್ದೆ ಸಾರಿಗೆಲ್ಲ ಅದು ಆಗಲ್ಲ. ಹೆಂಗಸರಿಗೆ ಅದನ್ನ ಹಾಕೋಕೆ ಬರಲ್ಲ. ಮೂರನೆಯದನ್ನಂತೂ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಆದರೆ ನಾನು ಕಂಡ ಬಹುತೇಕ ಮನೆಗಳಲ್ಲಿ ತೊಂದರೆ ಇದ್ದದ್ದು ಮಿಷನ್ನಿನ ಒಳಗೆ ಹೋಗುತ್ತಿದ್ದ ನೀರಿನಲ್ಲಿ, ಇಲ್ಲವೇ ಕರೆಂಟಿನಲ್ಲಿ. ಆದ್ದರಿಂದ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಈ ಕ್ರಮದಲ್ಲಿ ಒಂದೊಂದೇ ನೋಡುತ್ತಾ ಬನ್ನಿ.

ಮೊದಲು, ಕೊಳೆ ಯಾವುದು?

'ಕ್ಲೀನ್ ಆಗಿಲ್ಲ' ಅನ್ನುವ ಮಾತಿಗೆ ನಾಲ್ಕು ಅರ್ಥ ಇರಬಹುದು. ಲೋಟದ ಮೇಲೆ ಬಿಳಿ ಪೊರೆ, ತಟ್ಟೆಯಲ್ಲಿ ಮರಳಿನಂಥ ಕಾಳು, ಕೈಗೆ ಹತ್ತುವ ಜಿಡ್ಡು, ಅಂಟಿಕೊಂಡೇ ಉಳಿದ ಅನ್ನ ಮುದ್ದೆ. ನಾಲ್ಕಕ್ಕೂ ಕಾರಣ ಬೇರೆ.

ಬಿಳಿ ಪೊರೆ ಇದ್ದರೆ ಲೋಟವನ್ನು ಅರ್ಧ ನಿಂಬೆಹಣ್ಣಿನಿಂದ ಉಜ್ಜಿ ನೋಡಿ. ಹೋಯಿತೋ, ಅದು ನೀರಿನ ಸುಣ್ಣ. ಹೋಗದಿದ್ದರೆ, ಅದು ಗಾಜಿನ ಲೋಟವಾದರೆ, ಗಾಜೇ ಸವೆದಿರುವ ಸಾಧ್ಯತೆ ಹೆಚ್ಚು. ಅದು ಮತ್ತೆ ಹೊಳೆಯುವುದಿಲ್ಲ. ಪೊರೆ ನಾಲಿಗೆಗೆ ಉಪ್ಪುಪ್ಪು ಅನ್ನಿಸಿದರೆ ಮಿಷನ್ನಿನ ತಳದಲ್ಲಿರುವ ಉಪ್ಪಿನ ಡಬ್ಬಿಯ ಮುಚ್ಚಳ ಸಡಿಲವಾಗಿದೆ ಎಂದರ್ಥ.

ನೀರು ಮತ್ತು ಉಪ್ಪು

ಹೇಮಾವತಿ ನೀರನ್ನು ತುಮಕೂರಿನತ್ತ ಒಯ್ಯುವ ಬಾಗೂರು–ನವಿಲೆ ಸುರಂಗಕ್ಕೆ ನಮ್ಮೂರಿನ ಹೆಸರಿದೆ. ಆದರೆ ನಮ್ಮ ಕಡೆ ಎಷ್ಟೋ ಮನೆಯ ಟ್ಯಾಂಕಿಗೆ ಏರುವುದು ಬೋರ್ ನೀರು. ಕುಡಿಯೋಕೆ ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಮಿಷನ್ ಕುಡಿಯುವುದು ಅದೇ ಬೋರ್ ನೀರನ್ನು.

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅದನ್ನು ಗಡಸು ನೀರು ಅನ್ನುತ್ತೇವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡ ಹೇಳುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಅಂದರೆ ಸರ್ಕಾರಿ ಲೆಕ್ಕದಲ್ಲಿ ಪಾಸಾದ ನೀರೂ ಮಿಷನ್ನಿಗೆ ಕಷ್ಟವಾಗಬಹುದು.

ಇದಕ್ಕೆಂದೇ ಬಹಳಷ್ಟು ಮಿಷನ್ನುಗಳ ತಳದಲ್ಲಿ ರಾಳದ ಸಣ್ಣ ಗುಂಡುಗಳಿರುವ ಒಂದು ಭಾಗವಿದೆ. ನೀರು ಅದರ ಮೂಲಕ ಹಾದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಉಳಿದು ಸೋಡಿಯಂ ನೀರಿಗೆ ಸೇರುತ್ತದೆ. ಗುಂಡುಗಳು ತುಂಬಿಹೋದಾಗ ಉಪ್ಪುನೀರು ಹರಿದು ಅವುಗಳನ್ನು ತೊಳೆಯುತ್ತದೆ. ಉಪ್ಪು ಖಾಲಿಯಾದರೆ ಈ ಕೆಲಸ ನಿಂತಿತು, ಸುಣ್ಣ ನೇರ ಲೋಟದ ಮೇಲೆ.

ಅಡುಗೆ ಉಪ್ಪು ಹಾಕಬೇಡಿ. ಅದರಲ್ಲಿ ಅಯೋಡಿನ್ ಇರುತ್ತದೆ, ಗಂಟು ಕಟ್ಟದಿರಲು ಬೆರೆಸಿದ ಪುಡಿಯೂ ಇರುತ್ತದೆ. ಡಿಶ್‌ವಾಷರ್‌ಗೆಂದೇ ಸಿಗುವ ದಪ್ಪ ಹರಳಿನ ಉಪ್ಪು ಹಾಕಿ. ಹಾಕುವಾಗ ಹೊರಗೆ ಚೆಲ್ಲಿದ್ದನ್ನು ಒರೆಸಿ, ತಕ್ಷಣ ಒಂದು ಸಲ ಮಿಷನ್ ಓಡಿಸಿ. ಇಲ್ಲದಿದ್ದರೆ ಸ್ಟೀಲ್ ತುಕ್ಕು ಹಿಡಿಯುತ್ತದೆ.

ಉಪ್ಪು ತುಂಬಿದರೆ ಸಾಲದು, ಗಡಸುತನದ ಸೆಟ್ಟಿಂಗನ್ನೂ ನಮ್ಮ ನೀರಿಗೆ ಹೊಂದಿಸಬೇಕು. ಕೈಪಿಡಿಯಲ್ಲಿ ಈ ಅಳತೆ ಜರ್ಮನ್ ಡಿಗ್ರಿಯಲ್ಲಿದ್ದರೆ, ನಿಮ್ಮ ನೀರಿನ ಮಿಲಿಗ್ರಾಂ ಸಂಖ್ಯೆಯನ್ನು 17.8ರಿಂದ ಭಾಗಿಸಿ. 600 ಇದ್ದರೆ ಸುಮಾರು 34 ಡಿಗ್ರಿ. 'ಎಲ್ಲಾ ಒಂದರಲ್ಲೇ' ಅನ್ನುವ ಮಾತ್ರೆಗಳನ್ನು ನಂಬಿ ಇಷ್ಟು ಗಡಸು ನೀರಿಗೆ ಉಪ್ಪು ಬಿಡುವಂತಿಲ್ಲ.

ಗಡಸುತನ ತಿಳಿಯೋದು ಹೇಗೆ? ಆನ್‌ಲೈನಿನಲ್ಲಿ ಸಿಗುವ ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. ಅದು ನೀರಿನಲ್ಲಿ ಕರಗಿದ್ದೆಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ. ಗಡಸುತನ ನೋಡುವ ಪಟ್ಟಿ ಬೇರೆಯೇ ಸಿಗುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು. ನಿಮ್ಮ ಪಂಚಾಯ್ತಿಯಲ್ಲಿ ಕೇಳಿ.

ಟ್ಯಾಂಕಿನ ಎತ್ತರ, ಪೈಪಿನ ಜರಡಿ

ತಟ್ಟೆಯಲ್ಲಿ ಊಟ ಅಂಟಿಯೇ ಉಳಿದಿದ್ದರೆ ನೀರಿನ ಒತ್ತಡ ನೋಡಿ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಮಿಷನ್ನಿಗೆ ಕನಿಷ್ಠ 0.3 ಬಾರ್ ಬೇಕು ಅಂತಿದ್ದರೆ ಟ್ಯಾಂಕಿನ ನೀರು ನಲ್ಲಿಗಿಂತ ಮೂರು ಮೀಟರ್ ಮೇಲಿರಬೇಕು, 0.5 ಅಂತಿದ್ದರೆ ಐದು ಮೀಟರ್. ಒಂದೇ ಅಂತಸ್ತಿನ ಮನೆಯ ತಾರಸಿ ಮೇಲೆ ನೆಲಕ್ಕೇ ಇಟ್ಟ ಟ್ಯಾಂಕಿಗೆ ಮೊದಲನೆಯದೇ ಕಷ್ಟ. ಆ ನಲ್ಲಿಯಲ್ಲಿ ಹತ್ತು ಲೀಟರ್ ಬಕೆಟ್ ಒಂದು ನಿಮಿಷದೊಳಗೆ ತುಂಬಿದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಟ್ಯಾಂಕ್ ಎತ್ತರಿಸಿ, ಇಲ್ಲವೇ ಸಣ್ಣ ಪಂಪ್ ಕೂರಿಸಿ.

ನೀರು ಒಳಗೆ ಹೋಗುವ ಪೈಪಿನ ತುದಿಯಲ್ಲಿ ಸಣ್ಣ ಜರಡಿ ಇರುತ್ತದೆ. ಬೋರ್ ನೀರಿನ ಮರಳು, ತುಕ್ಕು ಅಲ್ಲಿ ಕೂರುತ್ತದೆ. ನಲ್ಲಿ ನಿಲ್ಲಿಸಿ, ಪೈಪ್ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಒಳಗಿನ ಜಾಲರಿ, ತಿರುಗುವ ಕೈಗಳು

ಮರಳಿನಂಥ ಕಾಳು ಕಂಡರೆ ತಳದ ಜಾಲರಿ ತೆಗೆದು ತೊಳೆಯಿರಿ. ನಮ್ಮ ಅಡುಗೆಗೆ ವಾರಕ್ಕೊಮ್ಮೆಯಾದರೂ ಬೇಕು. ಕರಿಬೇವು, ಸಾಸಿವೆ, ಒಣಮೆಣಸಿನ ಬೀಜ ಎಲ್ಲ ಅಲ್ಲೇ ಸೇರಿರುತ್ತವೆ. ನೀರು ಚಿಮ್ಮಿಸುವ ಉದ್ದನೆಯ ಕೈಗಳ ತೂತಿನಲ್ಲೂ ಸಾಸಿವೆ ಸಿಕ್ಕಿಕೊಳ್ಳುತ್ತದೆ. ಹಲ್ಲುಕಡ್ಡಿಯಿಂದ ಬಿಡಿಸಿ. ಪಾತ್ರೆ ಜೋಡಿಸಿದ ಮೇಲೆ ಆ ಕೈಗಳನ್ನು ಒಮ್ಮೆ ಬೆರಳಿನಿಂದ ತಿರುಗಿಸಿ ನೋಡಿ. ಸೌಟಿಗೋ ಕುಕ್ಕರ್ ಹಿಡಿಗೋ ತಾಗಿ ನಿಂತರೆ ಆ ದಿನ ಏನೂ ತೊಳೆಯುವುದಿಲ್ಲ.

ಕರೆಂಟು ಮತ್ತು ಬಿಸಿ

ಜಿಡ್ಡು ಉಳಿದರೆ ನೀರು ಕಾಯುತ್ತಿಲ್ಲ ಅಂತ ಅನುಮಾನಿಸಿ. ಹೀಟರ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಸಿಗುವುದು ಶೇ. 61ರಷ್ಟು ಶಾಖ ಮಾತ್ರ. ಕರೆಂಟು ಚೆನ್ನಾಗಿರುವ ಹೊತ್ತಿನಲ್ಲಿ 65–70 ಡಿಗ್ರಿಯ ಪ್ರೋಗ್ರಾಂ ಹಾಕಿ. ಅರ್ಧ ಗಂಟೆಯ ಕ್ವಿಕ್ ವಾಶ್ ನಮ್ಮ ಎಣ್ಣೆ ಒಗ್ಗರಣೆಗಲ್ಲ. ರಾತ್ರಿಯೂ ವೋಲ್ಟೇಜ್ ಏರದಿದ್ದರೆ ಮಿಷನ್ನಿನ ವ್ಯಾಟಿಗೆ ತಕ್ಕ ಸ್ಟೆಬಿಲೈಜರ್ ಬೇಕು.

ಮುದ್ದೆ ತಪಲೆ ಮತ್ತು ಹಿತ್ತಾಳೆ

ಮುದ್ದೆ ತಪಲೆಯನ್ನು ಒಣಗಲು ಬಿಟ್ಟು ಹಾಗೇ ಹಾಕಿದರೆ ಯಾವ ಮಿಷನ್ನಿಗೂ ಆಗಲ್ಲ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಕರಕಲನ್ನು ಕೆರೆದು ಆಮೇಲೆ ಇಡಿ. ಹಾಗಂತ ಎಲ್ಲವನ್ನೂ ಮೊದಲೇ ತೊಳೆದು ಹಾಕಬೇಕಿಲ್ಲ, ಎಂಜಲು ಬಳಿದರೆ ಸಾಕು. ತಪಲೆ, ಬಟ್ಟಲುಗಳ ಬಾಯಿ ಕೆಳಗಿರಲಿ, ಒಂದರ ಮೇಲೊಂದು ಕೂರಬಾರದು. ಅಲ್ಯುಮಿನಿಯಂ ಪಾತ್ರೆ ಕಪ್ಪಾಗುತ್ತದೆ, ಕಬ್ಬಿಣದ ತವಾ ತುಕ್ಕು ಹಿಡಿಯುತ್ತದೆ, ಮುದ್ದೆ ಕೋಲು ಸೀಳುತ್ತದೆ. ಇವುಗಳ ಜೊತೆ ಹಿತ್ತಾಳೆ, ತಾಮ್ರವನ್ನೂ ಹೊರಗಿಡಿ.

ಮೆಕ್ಯಾನಿಕ್ ಯಾವಾಗ?

ಇಷ್ಟೆಲ್ಲ ನೋಡಿದ ಮೇಲೂ ನೀರು ತಳದಲ್ಲಿ ನಿಂತರೆ, ಒಳ್ಳೆ ವೋಲ್ಟೇಜಿನಲ್ಲೂ ಬಿಸಿಯಾಗದಿದ್ದರೆ, ಸೋಪಿನ ಡಬ್ಬಿಯ ಬಾಗಿಲು ತೆರೆಯದಿದ್ದರೆ ಕರೆಸಿ. ಬಂದವರನ್ನು ಮೊದಲು ಕೇಳಬೇಕಾದ್ದು ಒಂದೇ: 'ನಮ್ಮ ನೀರಿನ ಗಡಸುತನ ಎಷ್ಟು, ಮಿಷನ್ನಿನಲ್ಲಿ ಎಷ್ಟಕ್ಕೆ ಇಟ್ಟಿದ್ದೀರಿ?' ಉತ್ತರ ಇಲ್ಲದಿದ್ದರೆ ಬಿಡಿಭಾಗ ಬದಲಾಯಿಸಲು ಒಪ್ಪಬೇಡಿ.

ಇದು ಡಿಶ್‌ವಾಷರ್ ಇರುವ ನಾಲ್ಕು ಮನೆಯ ವಿಷಯ ಮಾತ್ರ ಅಲ್ಲ. ಅದೇ ಸುಣ್ಣ ಗೀಸರಿನ ಕಾಯಿಲಿನಲ್ಲಿ, ಸೋಲಾರ್ ಪೈಪಿನಲ್ಲಿ, ಬಟ್ಟೆ ತೊಳೆಯುವಾಗ ನೊರೆಯೇ ಬಾರದ ಸೋಪಿನಲ್ಲಿ ಇದೆ. ಊರಿನ ಟ್ಯಾಂಕಿನ ಮೇಲೆ ಯೋಜನೆಯ ಹೆಸರು, ವೆಚ್ಚ ಬರೆಸುವ ನಾವು ಅದರ ಪಕ್ಕದಲ್ಲೇ ನೀರಿನ ಗಡಸುತನ, ಪರೀಕ್ಷೆ ಮಾಡಿದ ದಿನ ಬರೆಸುವುದು ದೊಡ್ಡ ಖರ್ಚಲ್ಲ. ಆ ಸಂಖ್ಯೆ ಗೋಡೆ ಮೇಲಿದ್ದರೆ 'ಅವಳಿಗೆ ಹಾಕೋಕೆ ಬರಲ್ಲ' ಅನ್ನುವ ಮಾತಾದರೂ ಕಮ್ಮಿಯಾಗುತ್ತದೆ.