ಹಳೆ ಪುಸ್ತಕದಂಗಡಿಯ ವಂಶಾವಳಿ: ಬ್ರಿಗೇಡ್ ರಸ್ತೆಯಿಂದ ಕಾಡುಗೋಡಿಯವರೆಗೆ

ಬೆಂಗಳೂರಿನ ಪುಸ್ತಕೋದ್ಯಮದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಪ್ರಕಾಶಕರ ಕಡೆಯಿಂದಲೇ ಬರೆದುಕೊಂಡು ಬಂದಿದ್ದೇವೆ. ಮುದ್ರಣಾಲಯ, ಗ್ರಂಥಮಾಲೆ, ಬಹುಮಾನ ಇವುಗಳಿಗೆಲ್ಲ ದಾಖಲೆ ಸಿಗುತ್ತದೆ. ಒಬ್ಬರು ಓದಿಬಿಟ್ಟ ಪುಸ್ತಕ ಇನ್ನೊಬ್ಬರ ಕೈಸೇರಿದ ದಾರಿ ಹಿಡಿಯಲು ಪುಸ್ತಕದ ಒಳರಟ್ಟನ್ನೇ ನೋಡಬೇಕು: ಹಿಂದಿನ ಒಡೆಯನ ಸಹಿ, ಬಾಡಿಗೆ ಗ್ರಂಥಾಲಯದ ಮೊಹರು, ಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿದ ಬೆಲೆ. ಹಾಗೆ ನೋಡುತ್ತ ಹೋದರೆ ಹಳೆ ಪುಸ್ತಕದಂಗಡಿಯ ಚರಿತ್ರೆ ಎಂಬುದು ಊರಿನ ಮನೆಗಳು ಖಾಲಿಯಾದ ಚರಿತ್ರೆಯೇ ಎಂದು ನನ್ನ ವಾದ. ಖಾಲಿಯಾಗುವ ಮನೆಯಿಂದ ಏನನ್ನು ಎತ್ತಿಕೊಳ್ಳಬೇಕು, ಏನನ್ನು ರದ್ದಿಗೆ ಬಿಡಬೇಕು ಎಂಬ ತಿಳಿವಳಿಕೆ ತಂದೆಯಿಂದ ಮಗನಿಗೆ ದಾಟಿದರೆ ಅಂಗಡಿ ಉಳಿಯುತ್ತದೆ.

ಇದಕ್ಕೆ ನಮ್ಮಲ್ಲಿ ಸಿಗುವ ಉತ್ತಮ ನಿದರ್ಶನ ಸೆಲೆಕ್ಟ್ ಬುಕ್ ಶಾಪ್. ವಕೀಲಿ ಬಿಟ್ಟ ಕೆ.ಬಿ.ಕೆ. ರಾವ್ ಇದನ್ನು 1945ರಲ್ಲಿ ಆರಂಭಿಸಿದರು. ಆ ಇಸವಿಗೆ ಮಹತ್ವವಿದೆ. ಮಹಾಯುದ್ಧ ಮುಗಿದ ವರ್ಷ ಅದು. ದಂಡು ಪ್ರದೇಶದಿಂದ ಸೇನಾಧಿಕಾರಿಗಳು ಹೊರಡತೊಡಗಿದ್ದರು. 1947ರಲ್ಲಿ ದಂಡು ಪ್ರದೇಶವಾಗಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿತು, 1949ರಲ್ಲಿ ನಗರವೂ ದಂಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದವು. ಆ ದಶಕದಲ್ಲೂ ಮುಂದೆಯೂ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹಡಗು ಹತ್ತಿದವು. ಹೊರಡುವವರಿಗೆ ಪುಸ್ತಕಕ್ಕಿಂತ ಭಾರವಾದ ಸಾಮಾನಿಲ್ಲ. ಸರಕು ಒದಗಿ ಬರುವ ಕಾಲ ಅದು. ಕೊಳ್ಳುವವರಿಗೂ ಬರವಿರಲಿಲ್ಲ, ಸರ್ ಸಿ.ವಿ. ರಾಮನ್ ಈ ಅಂಗಡಿಗೆ ಬರುತ್ತಿದ್ದವರಲ್ಲಿ ಒಬ್ಬರು.

ರಾಯರ ಮಗ ಕೆ.ಕೆ.ಎಸ್. ಮೂರ್ತಿ ವಿಮಾನ ಎಂಜಿನಿಯರ್. ವಿಮಾನ ಕಾರ್ಖಾನೆ ಎಚ್‌ಎಎಲ್ ಹುಟ್ಟಿದ ಊರಿನಲ್ಲಿ ಆ ಪದವಿಗಿದ್ದ ಮರ್ಯಾದೆಯನ್ನು ಹೇಳಬೇಕಾಗಿಲ್ಲ. ಅದನ್ನು ಬಿಟ್ಟು ಅವರು ಅಪ್ಪನ ಹಳೆ ಪುಸ್ತಕಗಳ ನಡುವೆ ಕುಳಿತರು; ಅವರ ನಂತರ ಮೂರನೆಯ ತಲೆಮಾರೂ ಅಲ್ಲಿಗೇ ಬಂತು. ಇದನ್ನು ಪುಸ್ತಕಪ್ರೇಮ ಎಂದು ಕೊಂಡಾಡುವುದು ಸುಲಭ, ಪತ್ರಿಕೆಗಳು ಅದನ್ನೇ ಮಾಡಿವೆ. ನನಗೆ ಕಾಣುವ ಕಾರಣ ಇನ್ನಷ್ಟು ಲೌಕಿಕವಾದದ್ದು. ಅಂತಾರಾಷ್ಟ್ರೀಯ ಪುಸ್ತಕ ಸಂಖ್ಯೆ, ಅಂದರೆ ಐಎಸ್‌ಬಿಎನ್, ಪ್ರಮಾಣಿತ ರೂಪಕ್ಕೆ ಬಂದದ್ದು 1970ರಲ್ಲಿ. ಅದಕ್ಕೆ ಮುಂಚಿನ ಪುಸ್ತಕಕ್ಕೆ ಬೆನ್ನಮೇಲೆ ಸ್ಕ್ಯಾನ್ ಮಾಡಿ ನೋಡುವ ಬಾರ್‌ಕೋಡ್ ಇಲ್ಲ. ಯಾವ ಮುದ್ರಣ, ನಕ್ಷೆ ಹರಿದಿದೆಯೋ ಇದೆಯೋ, ಇದನ್ನು ಕೇಳಿಕೊಂಡು ಹೋದವರು ಯಾರು ಎಂಬುದೆಲ್ಲ ಮಾರುವವನ ತಲೆಯಲ್ಲಿರಬೇಕು. ಇಂಥ ಜ್ಞಾನವನ್ನು ಸಂಬಳದ ನೌಕರನಿಗೆ ಕಲಿಸುವಷ್ಟು ಲಾಭ ಈ ವ್ಯಾಪಾರದಲ್ಲಿ ಹುಟ್ಟುವುದಿಲ್ಲ. ಊಟದ ಹೊತ್ತಿನ ಮಾತಿನಲ್ಲಿ ಮನೆಮಕ್ಕಳಿಗೆ ಅದು ಪುಕ್ಕಟೆಯಾಗಿ ಬರುತ್ತದೆ.

ಹಳೆ ಪುಸ್ತಕದ ಮಾರಾಟಕ್ಕೆ ಕಾನೂನಿನ ಅಡ್ಡಿಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರತಿಗಳನ್ನು ಸಾರ್ವಜನಿಕರಿಗೆ ನೀಡುವ ಹಕ್ಕು ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಒಳಗೊಳ್ಳುವುದಿಲ್ಲ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿಯೂ ಇಲ್ಲ. ಆದರೆ ಇಲ್ಲಿಯೇ ಒಂದು ಗಂಟಿದೆ. ಮಾರುವ ವಸ್ತುವಿಗೆ ತೆರಿಗೆಯಿಲ್ಲದ್ದರಿಂದ, ಮಳಿಗೆಯ ಬಾಡಿಗೆಯ ಮೇಲೆ ಕಟ್ಟಿದ ಜಿಎಸ್‌ಟಿ ಹಿಂದಿರುಗುವುದಿಲ್ಲ. ಹತ್ತು ವರ್ಷ ಕಪಾಟಿನಲ್ಲಿ ಕುಳಿತ ಪುಸ್ತಕ ಅಷ್ಟೂ ವರ್ಷದ ಬಾಡಿಗೆ ತಿಂದಿರುತ್ತದೆ. ಸೆಲೆಕ್ಟ್ ಬ್ರಿಗೇಡ್ ರಸ್ತೆಯ ಮುಖಕ್ಕೆ ಇಲ್ಲದೆ ಅಡ್ಡ ಓಣಿಯಲ್ಲಿ ನೆಲೆಯೂರಿದ್ದನ್ನು ಈ ಲೆಕ್ಕದೊಂದಿಗೆ ಓದಬೇಕು.

ಹೊಸ ಪುಸ್ತಕ ಮಾರುವ ಅಂಗಡಿಗಳ ಕಥೆ ಬೇರೆ ತಿರುವು ಪಡೆಯುತ್ತದೆ. ಮುಂಬಯಿಯ ಸ್ಟ್ರಾಂಡ್ ಪುಸ್ತಕದಂಗಡಿಯಲ್ಲಿ ಪಳಗಿದ ಟಿ.ಎಸ್. ಶಾನಭಾಗರು 1971ರಲ್ಲಿ ಬೆಂಗಳೂರಿನಲ್ಲಿ ತೆರೆದ ಪ್ರೀಮಿಯರ್ 2009ರಲ್ಲಿ ಮುಚ್ಚಿತು. 1948ರ ಸ್ಟ್ರಾಂಡ್ 2018ರಲ್ಲಿ. ಹಳೆ ಪುಸ್ತಕಗಳಿಗೆ ಮರಳಿದರೆ, ಚರ್ಚ್ ಸ್ಟ್ರೀಟಿನ ಬ್ಲಾಸಮ್‌ಗೆ ವಂಶದ ಹಿನ್ನೆಲೆಯೇ ಇಲ್ಲ. ಎಂಜಿನಿಯರಿಂಗ್ ಓದಿದ ಮಾಯಿ ಗೌಡರು ಪುಟ್‌ಪಾತಿನಲ್ಲಿ ಮಾರಾಟ ಕಲಿತು ಕಟ್ಟಿದ್ದು ಅದು. ಪುಟ್‌ಪಾತು ಕೂಡ ಒಂದು ಮನೆತನದಂತೆ ವಿದ್ಯೆ ಕಲಿಸುತ್ತದೆ ಎನ್ನಬಹುದು. ಅವೆನ್ಯೂ ರಸ್ತೆಯ ಪಠ್ಯಪುಸ್ತಕ ವ್ಯಾಪಾರಿಗಳನ್ನು ಕಂಡವರು ಒಪ್ಪಿಯಾರು.

ಇನ್ನು ನಗರದ ಅಂಚಿನ ಕಾಡುಗೋಡಿಯಲ್ಲಿ ಖಾಲಿಯಾಗುವ ಮನೆಗಳ ಕಥೆ. ವೈಟ್‌ಫೀಲ್ಡ್ ರೈಲು ನಿಲ್ದಾಣ ನಿಂತಿರುವುದು ಇಲ್ಲಿಯೇ. ಪಕ್ಕದ ವೈಟ್‌ಫೀಲ್ಡ್ 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಕೃಷಿ ವಸಾಹತು. ಆ ಮನೆಗಳೂ ಕಾಲಕ್ರಮದಲ್ಲಿ ಖಾಲಿಯಾದವು. ಅಲ್ಲಿನ ಪುಸ್ತಕಗಳು ಮಾರಾಟಕ್ಕೆ ಬಂದಿದ್ದರೆ ಕೊಳ್ಳುವವರಿದ್ದ ದಂಡಿನ ಕಡೆಗೇ ರೈಲಿನಲ್ಲಿ ಹೋಗಿರಬೇಕೆಂಬುದು ನನ್ನ ಊಹೆ. ದಂಡಿನ ಅಂಗಡಿಗಳಿಗೆ ಬಂದ ಹಳೆ ಪ್ರತಿಗಳ ಸಹಿ, ವಿಳಾಸಗಳನ್ನು ಯಾರಾದರೂ ಸಾಲಾಗಿ ಪಟ್ಟಿಮಾಡಿದರೆ ಇದನ್ನು ಒರೆಗೆ ಹಚ್ಚಬಹುದು.

1990ರ ದಶಕದಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದ ಮೇಲೆ ತುಂಬಿದ ಮನೆಗಳು ಬೇರೆ ಬಗೆಯವು. ಬಾಡಿಗೆ ಅಪಾರ್ಟ್‌ಮೆಂಟಿನವರು ಮನೆ ಬದಲಿಸುವಾಗ ಎರಡು ಪೆಟ್ಟಿಗೆ ಪುಸ್ತಕ ಇಳಿಸುತ್ತಾರೆ, ಪೂರ್ತಿ ಗ್ರಂಥಭಂಡಾರವನ್ನಲ್ಲ. ಆ ಎರಡು ಪೆಟ್ಟಿಗೆಯಲ್ಲಿ ಹಳೆಯ ಸಾಫ್ಟ್‌ವೇರ್ ಕೈಪಿಡಿಗಳೂ ಪ್ರವೇಶ ಪರೀಕ್ಷೆಯ ಗೈಡುಗಳೂ ಇದ್ದರೆ ಅದು ರದ್ದಿಯವನ ತಕ್ಕಡಿಗೇ ಹೋಗುತ್ತದೆ. 2023ರಿಂದ ನೇರಳೆ ಮಾರ್ಗದ ಮೆಟ್ರೊ ಕಾಡುಗೋಡಿಯನ್ನು ಎಂ.ಜಿ. ರಸ್ತೆಗೆ ನೇರ ಜೋಡಿಸಿದೆ; ಹಳೆ ಪುಸ್ತಕ ಬೇಕಾದ ಓದುಗ ಗಾಡಿ ಹತ್ತಿ ಚರ್ಚ್ ಸ್ಟ್ರೀಟಿಗೆ ಇಳಿಯುತ್ತಾನೆ. ಸ್ಥಳೀಯ ಅಂಗಡಿಗೆ ಇದು ಒಳ್ಳೆಯ ಸುದ್ದಿಯೇನಲ್ಲ.

ಆದರೂ ಐಟಿಪಿಎಲ್‌ನ ಮೊದಲ ತಲೆಮಾರಿನವರು ಈಗ ನಿವೃತ್ತಿಯ ವಯಸ್ಸಿಗೆ ಬರುತ್ತಿದ್ದಾರೆ. ಅವರಲ್ಲಿ ತುಮಕೂರು, ಹಾಸನ, ಧಾರವಾಡಗಳಿಂದ ತಂದೆತಾಯಿಯ ಕನ್ನಡ ಪುಸ್ತಕಗಳನ್ನೂ ಹೊತ್ತು ತಂದವರಿದ್ದಾರೆ. ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುವ ಕನ್ನಡ ಪುಸ್ತಕದ ಹಳೆಯ ಮುದ್ರಣವನ್ನು ಗೈಡುಗಳ ರಾಶಿಯಿಂದ ಬೇರ್ಪಡಿಸಬಲ್ಲ ಕಣ್ಣು ಮುಂದಿನ ಇಪ್ಪತ್ತು ವರ್ಷ ಕಾಡುಗೋಡಿಗೆ ಬೇಕಾಗುತ್ತದೆ. ಆ ಕೆಲಸಕ್ಕೆ ಮಳಿಗೆಯೇ ಬೇಕೆಂದಿಲ್ಲ. ಒಂದು ಗೋದಾಮು, ಒಂದು ವ್ಯಾನು, ಮನೆಮಂದಿಯಲ್ಲಿ ಇಬ್ಬರಿದ್ದರೆ ಶುರುಮಾಡಬಹುದು.