ಟ್ರಾಡೆಸ್ಕಾನ್ಷಿಯ: ತೂಗುಕುಂಡದಿಂದ ಅಂತರಿಕ್ಷಕ್ಕೆ

ಮನೆಯ ಮುಂದಿನ ತೂಗುಕುಂಡದಿಂದ ಇಳಿಬಿದ್ದ ಬಣ್ಣದ ಬಳ್ಳಿಯೊಂದನ್ನು ನೀವು ನೋಡಿರುತ್ತೀರಿ. ಎಲೆಯ ಮೇಲೆ ಹಸಿರು ಮತ್ತು ಬೆಳ್ಳಿಯ ಪಟ್ಟೆಗಳು, ಅಡಿಯಲ್ಲಿ ನೇರಳೆ ಬಣ್ಣ. ಇದು ಮೆಕ್ಸಿಕೊ ಕಡೆಯಿಂದ ಬಂದ ಟ್ರಾಡೆಸ್ಕಾನ್ಷಿಯ ಜೆಬ್ರಿನ. ಒಂದು ತುಂಡು ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಅದು ಮನೆಯಿಂದ ಮನೆಗೆ ಹಬ್ಬಿದ್ದು ಈ ಗುಣದಿಂದಲೇ. ಇದೇ ಗುಣ ಈ ಕುಲದ ಸಸ್ಯಗಳಿಗೆ ವಿಕಿರಣ ವಿಜ್ಞಾನದ ಚರಿತ್ರೆಯಲ್ಲೂ ಸ್ಥಾನ ದೊರಕಿಸಿತೆಂದರೆ ನಿಮಗೆ ಆಶ್ಚರ್ಯವಾಗಬಹುದು.

ಕುಲದ ಹೆಸರು 17ನೆಯ ಶತಮಾನದ ಇಂಗ್ಲೆಂಡಿನ ತೋಟಗಾರ ಜಾನ್ ಟ್ರಾಡೆಸ್ಕಂಟ್‌ನ ನೆನಪಿಗಾಗಿ ಬಂದದ್ದು. ಅಮೆರಿಕದ ವರ್ಜೀನಿಯದ ಒಂದು ಗಿಡ ಅವನ ಮೂಲಕ ಇಂಗ್ಲೆಂಡಿನ ತೋಟಗಳನ್ನು ಸೇರಿತ್ತು. 1753ರಲ್ಲಿ ಲಿನೇಯಸ್ ಅದನ್ನು ಟ್ರಾಡೆಸ್ಕಾನ್ಷಿಯ ವರ್ಜಿನಿಯಾನ ಎಂದು ಕರೆದ.

ಈ ಗಿಡದ ಹೂವಿನ ಕೇಸರಗಳಲ್ಲಿ ನವಿರಾದ ರೋಮಗಳಿವೆ. ಪ್ರತಿ ರೋಮವೂ ಕೋಶಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದ ಮಣಿಸರದಂತೆ. ಸೂಕ್ಷ್ಮದರ್ಶಕದಡಿ ಒಂದೊಂದು ಕೋಶವನ್ನೂ ಎಣಿಸಬಹುದು. ಬ್ರೌನೀಯ ಚಲನೆಯಿಂದ ನಮಗೆ ಪರಿಚಿತನಾದ ರಾಬರ್ಟ್ ಬ್ರೌನ್ 1831ರಲ್ಲಿ ಕೋಶಕೇಂದ್ರಕ್ಕೆ 'ನ್ಯೂಕ್ಲಿಯಸ್' ಎಂದು ಹೆಸರಿಟ್ಟ ಪ್ರಬಂಧದಲ್ಲಿ ಈ ರೋಮಗಳನ್ನೂ ವರ್ಣಿಸಿದ್ದಾನೆ. ಭೌತವಿಜ್ಞಾನಿಗಳು ಪರಮಾಣುವಿಗೆ ಆ ಪದ ಬಳಸಿದ್ದು ಅನಂತರ.

20ನೆಯ ಶತಮಾನದಲ್ಲಿ ಎರಡೂ ನ್ಯೂಕ್ಲಿಯಸ್‌ಗಳ ಕಥೆ ಒಂದಾಯಿತು. ಪರಮಾಣು ಯುಗದ ಮುಖ್ಯ ಪ್ರಶ್ನೆ ಇದು: ಅತ್ಯಲ್ಪ ವಿಕಿರಣದಿಂದ ಜೀವಕೋಶಕ್ಕೆ ಹಾನಿಯುಂಟೆ? ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆರ್ನಲ್ಡ್ ಸ್ಪ್ಯಾರೋ ಮತ್ತು ಸಂಗಡಿಗರು ಉತ್ತರಕ್ಕಾಗಿ ಈ ಕುಲದ ಒಂದು ಮಿಶ್ರತಳಿಯನ್ನು ಆರಿಸಿಕೊಂಡರು. ಅದರಲ್ಲಿ ನೀಲಿಯ ಪ್ರಬಲ ಜೀನಿನ ಜೊತೆಗೆ ಗುಲಾಬಿಯ ದುರ್ಬಲ ಜೀನೂ ಇದೆ. ವಿಕಿರಣದಿಂದ ನೀಲಿ ಜೀನ್ ಕೆಟ್ಟರೆ, ಒಂದೆರಡು ವಾರಗಳಲ್ಲಿ ಅರಳುವ ಹೂವಿನ ರೋಮದಲ್ಲಿ ಗುಲಾಬಿ ಕೋಶ ಕಾಣಿಸುತ್ತದೆ. ತುಂಡುಗಳಿಂದ ಬೆಳೆಸಿದ ಗಿಡಗಳೆಲ್ಲ ಆನುವಂಶಿಕವಾಗಿ ಒಂದೇ ಆದ್ದರಿಂದ ಹೋಲಿಕೆ ಸುಲಭ. 1972ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಕ್ಸ್-ಕಿರಣಗಳ 0.25 ರ‍್ಯಾಡ್, ಅಂದರೆ 2.5 ಮಿಲಿಗ್ರೇ, ಪ್ರಮಾಣದಲ್ಲೂ ಉತ್ಪರಿವರ್ತನೆ ಗುರುತಿಸಲು ಸಾಧ್ಯವಾಯಿತು. ಅದಕ್ಕೂ ಮುಂಚೆ, 1967ರ ಸೆಪ್ಟೆಂಬರ್‌ನಲ್ಲಿ, ಈ ಗಿಡಗಳು ಬಯೋಸ್ಯಾಟಲೈಟ್-2 ಉಪಗ್ರಹದಲ್ಲಿ ವಿಕಿರಣ ಆಕರದೊಡನೆ ಭೂಮಿಯನ್ನು ಸುತ್ತಿ ಬಂದಿದ್ದವು. ತೂಕರಹಿತ ಸ್ಥಿತಿಯಲ್ಲಿ ವಿಕಿರಣದ ಪರಿಣಾಮ ಬದಲಾಗುತ್ತದೆಯೆ ಎಂದು ತಿಳಿಯುವುದು ಉದ್ದೇಶ.

ನಿಮ್ಮ ಕುಂಡದ ಬಳ್ಳಿ ಬಣ್ಣಗೆಟ್ಟರೆ ಮಾತ್ರ ವಿಕಿರಣಕ್ಕೆ ಹೆದರಬೇಕಿಲ್ಲ. ಅದಕ್ಕೆ ಬೆಳಕು ಸಾಲದು, ಅಷ್ಟೆ. ಕತ್ತಲಲ್ಲಿ ಪಟ್ಟೆ ಮಾಸುತ್ತದೆ, ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತದೆ. ಬೆಳಕು ಚೆನ್ನಾಗಿದ್ದು ನಡುಹಗಲಿನ ಬಿಸಿಲು ನೇರವಾಗಿ ಬೀಳದ ಕಡೆ ತೂಗುಹಾಕಿ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಕುಡಿ ಚಿವುಟಿದರೆ ಕವಲೊಡೆದು ದಟ್ಟವಾಗುತ್ತದೆ. ಬುಡ ಬರಿದಾದಾಗ ಗೆಣ್ಣಿರುವ ತುಂಡುಗಳನ್ನು ಅದೇ ಕುಂಡದಲ್ಲಿ ನೆಡಿ.

ಮಿಕ್ಕ ತುಂಡುಗಳನ್ನು ಹಳ್ಳದ ಬದಿಗೋ ತೋಪಿಗೋ ಎಸೆಯಬೇಡಿ. ಅಲ್ಲೂ ಬೇರು ಬಿಟ್ಟು ನೆಲವನ್ನೆಲ್ಲ ಆವರಿಸೀತು. ಕೆಲವು ದೇಶಗಳಲ್ಲಿ ಈ ಬಳ್ಳಿ ಈಗ ಕಳೆಯೆನಿಸಿದೆ. ವಿಜ್ಞಾನಿಗೆ ನೆರವಾದ ಗುಣವೇ ಕಾಡಿಗೆ ಕಂಟಕವಾಗಬಾರದಲ್ಲವೆ?