ಆಳಂದದ ಸಂತೆಯಲ್ಲಿ 20,000 ಕುದುರೆ

ಕಲಬುರಗಿ ಕಡೆಯವರಿಗೆ ಆಳಂದ ಅಂದರೆ ತೊಗರಿ, ಇಲ್ಲವೇ ಲಾಡ್ಲೆ ಮಶಾಯಕ ದರ್ಗಾ. ಕುದುರೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಸುಮಾರು 550 ವರ್ಷಗಳ ಹಿಂದೆ ರಷ್ಯಾದ ವ್ಯಾಪಾರಿಯೊಬ್ಬ ಬರೆದಿಟ್ಟ ಆಳಂದದಲ್ಲಿ ಕಣ್ಣಿಗೆ ಹೊಡೆಯುವುದೇ ಕುದುರೆ!

ಅವನು ತ್ವೇರ್ ಊರಿನ ಅಫನಾಸಿ ನಿಕಿತಿನ್. 1469ರಿಂದ 1472ರ ಸುಮಾರಿಗೆ ಬಹಮನಿ ರಾಜ್ಯದಲ್ಲಿ ಓಡಾಡಿದವನು. ಶೇಖ್ ಅಲಾವುದ್ದೀನರ ನೆನಪಿನಲ್ಲಿ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ಸೇರುತ್ತದೆ, 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ, ಹಿಂದೂಸ್ತಾನದಲ್ಲೇ ಇದಕ್ಕಿಂತ ಒಳ್ಳೆಯ ಸಂತೆ ಇಲ್ಲ ಅಂತಾನೆ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು ಅಂತ ನನ್ನ ಅನುಮಾನ. (ಅದೇ ಆಳಂದದಲ್ಲಿ ರಾತ್ರಿ ಕೂಗುವ ಒಂದು ಹಕ್ಕಿ ಯಾರ ಮನೆ ಮೇಲೆ ಕೂರುತ್ತೋ ಆ ಮನೆಯಲ್ಲಿ ಸಾವು ಅಂತಲೂ ಬರೆದಿದ್ದಾನೆ. ನಮ್ಮ ಗೂಬೆಯೇ ಇರಬೇಕು!)

ಇಷ್ಟು ಕುದುರೆ ಯಾಕೆ? ವಿಜಯನಗರದ ಜೊತೆ ಮುಗಿಯದ ಯುದ್ಧ. ಸರದಾರನಿಗೆ ಜಾಗೀರು ಸಿಕ್ಕರೆ ಅದರ ಹುಟ್ಟುವಳಿಯಲ್ಲಿ ಸವಾರರನ್ನು ಸಾಕಬೇಕಿತ್ತು, ಹಾಗಾಗಿ ಹೊಲದ ಲೆಕ್ಕ ಕೊನೆಗೆ ಕುದುರೆ ಲೆಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹರಿಯುವ ಭೀಮೆಯ ಹೆಸರಿನ ಭೀಮಥಡಿ ತಳಿಯೂ ಪರದೇಶದ ಕುದುರೆ, ಇಲ್ಲಿನ ತಟ್ಟು ಬೆರೆತು ಆದದ್ದು ಅಂತಾರೆ. ಆಗ ಬೆಲೆ ಇದ್ದದ್ದು ಹಡಗಿನಲ್ಲಿ ಬಂದ ಕುದುರೆಗೆ.

ನಿಕಿತಿನ್ ಕೂಡ ಹೊರ್ಮುಜ್‌ನಿಂದ ಚೌಲ್ ಬಂದರಿಗೆ ಒಂದು ಗಂಡುಕುದುರೆ ತಂದಿದ್ದ. ದಾರಿಯ ಆರಂಭದಲ್ಲೇ, ವೋಲ್ಗಾ ನದಿಯಲ್ಲಿ, ಸರಕೆಲ್ಲ ಲೂಟಿಯಾಗಿತ್ತು. ಆ ಕುದುರೆಯನ್ನು ಜುನ್ನರಿನವರೆಗೆ ತರುವುದರೊಳಗೆ ನೂರು ರೂಬಲ್ ಬಿದ್ದಿತ್ತು. ಜುನ್ನರಿನಲ್ಲಿ ಅಸದ್ ಖಾನ್ ಅದನ್ನೂ ಕಸಿದುಕೊಂಡ. ಮತ ಬದಲಿಸು, ಕುದುರೆಯ ಜೊತೆ ಸಾವಿರ ಚಿನ್ನದ ನಾಣ್ಯವನ್ನೂ ಕೊಡ್ತೀನಿ. ಇಲ್ಲವಾದರೆ ಕುದುರೆಯೂ ಹೋಯಿತು, ಸಾವಿರ ನಾಣ್ಯ ನೀನೇ ತೆರಬೇಕು ಅಂದ. ಗಡುವು ನಾಲ್ಕೇ ದಿನ.

ನಮ್ಮ ದನದ ಸಂತೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವ ದಲಾಲಿಗಳನ್ನು ನೀವು ನೋಡಿರಬಹುದು. ಬೈದುಕೊಂಡರೂ ಅವರಿಲ್ಲದೆ ವ್ಯಾಪಾರ ಕುದುರೋದಿಲ್ಲ. ನಿಕಿತಿನ್‌ಗೆ ಕಷ್ಟಕಾಲಕ್ಕೆ ಒದಗಿದ್ದು ದಲಾಲಿಯಲ್ಲ, ಖುರಾಸಾನಿನ ಖ್ವಾಜಾ ಮುಹಮ್ಮದ್. ಇವನು ಅವನ ಕಾಲು ಹಿಡಿದ. ಅವನು ಖಾನನ ಹತ್ತಿರ ಹೋಗಿ ಮಾತಾಡಿ ಮತಾಂತರ ತಪ್ಪಿಸಿ, ಕುದುರೆಯನ್ನೂ ಬಿಡಿಸಿಕೊಟ್ಟ. ಇಲ್ಲಿ ನಿಮ್ಮ ದೇಶಕ್ಕೆ ಬೇಕಾದ ಸರಕು ರಾಶಿ ರಾಶಿ ಇದೆ ಅಂತ ಹೇಳಿ ಕಳಿಸಿದವರನ್ನು ಮಾತ್ರ ನಿಕಿತಿನ್ ಚೆನ್ನಾಗಿ ಉಗಿದಿದ್ದಾನೆ. ಬಂದು ನೋಡಿದರೆ ಏನೂ ಇರಲಿಲ್ಲವಂತೆ.

ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಕಿಚಡಿ ಬೇಯಿಸಿ ಹಾಕುತ್ತಾರೆ ಅಂತ ಬರೆದವನು ತನ್ನ ಕುದುರೆಯನ್ನೂ ಒಂದು ವರ್ಷ ಸಾಕಬೇಕಾಯಿತು. ಕೊನೆಗೆ ಅದು ಮಾರಿದ್ದು ಆಳಂದದಲ್ಲಲ್ಲ, ಬೀದರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ. ಅದಕ್ಕೆ ಖರ್ಚಾದ 68 ನಾಣ್ಯದ ಲೆಕ್ಕ ಬರೆದಿಟ್ಟಿದ್ದಾನೆ. ಎಷ್ಟಕ್ಕೆ ಮಾರಿದೆ ಅನ್ನೋದನ್ನು ಮಾತ್ರ ಬಿಟ್ಟುಬಿಟ್ಟಿದ್ದಾನೆ. ಎಷ್ಟಾದರೂ ವ್ಯಾಪಾರಿ ನೋಡಿ!